ಪಾಯ್ ತಿಯಾತ್ರಿಸ್ತ್: ಬೋರ್ಡಾದ ಹುಡುಗ ಕಟ್ಟಿದ ರಂಗಭೂಮಿ

ಪಾಲಕ ಸಂತರ ಹಬ್ಬದ ಸಂಜೆ ಚರ್ಚಿನ ಮೈದಾನದಲ್ಲಿ ತಿಯಾತ್ರ್ ಇದೆ ಎಂದರೆ ಸಾಕು, ಗೋವಾದಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲೂ ಅಂದು ಅಡುಗೆ ಬೇಗ ಮುಗಿಯುತ್ತದೆ. ಚಾಪೆ, ಮಕ್ಕಳಿಗೊಂದು ಶಾಲು, ಹುರಿದ ಕಡಲೆ ಹಿಡಿದು ಹೊರಟರೆ ಮರಳಿ ಬರುವುದು ನಡುರಾತ್ರಿಗೇ.

ನಾವು ಮೊದಲ ಸಲ ತಿಯಾತ್ರ್ ನೋಡಿದ್ದು ಈ ನಾಡಿಗೆ ಬಂದ ಹೊಸತರಲ್ಲಿ. ಕೊಂಕಣಿ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧವನ್ನು ಊಹಿಸಿಕೊಳ್ಳುತ್ತಿದ್ದೆವು. ರಂಗದ ಮೇಲೆ ತಾಯಿಯೊಬ್ಬಳು ಮಗನಿಂದ ಬೈಸಿಕೊಂಡು ಅಳುತ್ತಿದ್ದಳು. ಸುತ್ತಲಿನ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಿರುವಾಗ ಪರದೆ ಬಿತ್ತು. ಕೋಟು ತೊಟ್ಟವನೊಬ್ಬ ಪರದೆಯ ಮುಂದೆ ಬಂದು, ಟ್ರಂಪೆಟ್ ಡ್ರಮ್ಮುಗಳ ಸದ್ದಿಗೆ, ಊರಿನ ರಸ್ತೆಯ ಗುಂಡಿಗಳನ್ನೂ ಮತ ಕೇಳಲು ಬರುವವರನ್ನೂ ಕುರಿತು ಒಂದು ಹಾಡು ಹೇಳಿದ. ಈಗಷ್ಟೇ ಅತ್ತ ಜನ ಬಿದ್ದು ಬಿದ್ದು ನಕ್ಕರು, ಶಿಳ್ಳೆ ಹೊಡೆದರು. ಅವನು ನಮಸ್ಕರಿಸಿ ಹೋದ. ಪರದೆ ಎದ್ದಿತು, ತಾಯಿ ಮತ್ತೆ ಅಳತೊಡಗಿದಳು.

ಏನೋ ಎಡವಟ್ಟಾಗಿದೆ, ಬೇರೆ ಕಾರ್ಯಕ್ರಮದವನು ತಪ್ಪಿ ಬಂದಿದ್ದಾನೆ ಎಂದೇ ಭಾವಿಸಿದೆವು. ಪಕ್ಕದಲ್ಲಿದ್ದ ನೆರೆಮನೆಯ ಬಾಯಿ ನಕ್ಕು ತಿಳಿಸಿದರು: ಅದು ಕಾಂತಾರ್, ತಿಯಾತ್ರ್ ಎಂದರೆ ಹೀಗೆಯೇ. ಕಾಂತಾರವೆಂದರೆ ನಮಗೆ ಕಾಡು. ಇವರಿಗೆ ಅದು ಹಾಡು. ‘ಹಾಡುವುದು’ ಎಂಬ ಅರ್ಥದ ಪೋರ್ಚುಗೀಸ್ ಮಾತಿನಿಂದ ಬಂದದ್ದು. ತಿಯಾತ್ರ್ ಎಂಬ ಹೆಸರೂ ಪೋರ್ಚುಗೀಸಿನದೇ. ಆದರೆ ಅಂಕಕ್ಕೆ ಅವರು ಹೇಳುವ ‘ಪೊರ್ದೊ’ ಮಾತ್ರ ನಮ್ಮ ಪರದೆಯ ಒಡಹುಟ್ಟು.

ಮಡಗಾಂವ್ ಪಕ್ಕದ ಫಾತೊರ್ಡಾದಲ್ಲಿರುವ ರವೀಂದ್ರ ಭವನದ ದೊಡ್ಡ ಸಭಾಂಗಣಕ್ಕೆ ‘ಪಾಯ್ ತಿಯಾತ್ರಿಸ್ತ್’ ಎಂಬ ಹೆಸರಿದೆ. ಅದನ್ನು ಓದಿದಾಗ ಮಂಗಳೂರು ಕಡೆಯ ಪೈಗಳಾರೋ ನಾಟಕಕಾರರಿದ್ದಿರಬೇಕು ಎಂದುಕೊಂಡದ್ದುಂಟು. ಅದೂ ತಪ್ಪು. ಪೋರ್ಚುಗೀಸಿನಲ್ಲಿ ‘ಪಾಯ್’ ಎಂದರೆ ತಂದೆ. ತಿಯಾತ್ರಿಸ್ತರ ತಂದೆ ಎಂದು ಗೋವಾದ ಜನ ಪ್ರೀತಿಯಿಂದ ಕರೆದದ್ದು ಜುವಾಂವ್ ಆಗೊಸ್ತಿನ್ಯೊ ಫೆರ್ನಾಂಡಿಸ್ ಅವರನ್ನು. ಬರೆದವರು, ಹಾಡು ಕಟ್ಟಿದವರು, ಕಲಿಸಿದವರು, ವೇಷ ಹಾಕಿ ಕುಣಿದವರು, ಎಲ್ಲ ಅವರೇ.

ಬೊಂಬಾಯಿಯ ಕೂಡುಗಳಲ್ಲಿ

ಅವರು ಹುಟ್ಟಿದ್ದು 1871ರ ಡಿಸೆಂಬರ್ 14ರಂದು, ಮಡಗಾಂವ್‌ನ ಬೋರ್ಡಾ ಎಂಬಲ್ಲಿ. ಆದರೆ ಅವರ ರಂಗಭೂಮಿ ಹುಟ್ಟಿದ್ದು ಗೋವಾದಲ್ಲಲ್ಲ, ಬೊಂಬಾಯಿಯಲ್ಲಿ. ಇದನ್ನು ಅರಿಯಬೇಕಾದರೆ ಆಗಿನ ಗೋವಾದ ಸ್ಥಿತಿಯನ್ನು ತುಸು ನೋಡಬೇಕು.

ಗೋವಾದಲ್ಲಿ ಬಡವನಿಗೆ ಆಗ ದುಡಿಮೆ ಕಡಿಮೆ. ಬೊಂಬಾಯಿಯಲ್ಲಿ ಬ್ರಿಟಿಷರ ಹಡಗುಗಳಿದ್ದವು, ಕಚೇರಿಗಳಿದ್ದವು, ಸಾಹೇಬರ ಅಡುಗೆಮನೆಗಳಿದ್ದವು, ಬ್ಯಾಂಡುಗಳಿದ್ದವು. ಊರಿಗೆ ಊರೇ ಎಂಬಂತೆ ಗಂಡಸರು ಹೊರಟುಹೋದರು. ಧೋಬಿ ತಲಾವ್, ಮಜಗಾಂವ್‌ಗಳಲ್ಲಿ ಒಂದೊಂದು ಹಳ್ಳಿಯವರು ಸೇರಿ ಒಂದೊಂದು ‘ಕೂಡ್’ ಮಾಡಿಕೊಂಡರು. ಕೂಡ್ ಎಂದರೆ ಕೊಂಕಣಿಯಲ್ಲಿ ಕೋಣೆ. ಗೋಡೆಯುದ್ದಕ್ಕೂ ಸಾಲಾಗಿ ಟ್ರಂಕುಗಳು, ಒಂದು ಕಡೆ ಊರಿನ ಪಾಲಕ ಸಂತರ ಪೀಠ, ರಾತ್ರಿಯಾದರೆ ಎಲ್ಲರೂ ಕೂಡಿ ಜಪಸರ ಪ್ರಾರ್ಥನೆ. ಹಡಗಿನಿಂದ ಇಳಿದವನು ಮತ್ತೊಂದು ಹಡಗು ಸಿಗುವವರೆಗೆ ಅಲ್ಲೇ ಇರುತ್ತಿದ್ದ. ಬಂದರಿನ ಕೆಲಸ, ಗಣಿ, ಕಟ್ಟಡದ ಕೆಲಸವೆಂದು ಗೋವಾಕ್ಕೆ ಬಂದು ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಇದ್ದ ದಿನಗಳನ್ನು ನಮ್ಮ ಹಿರಿಯರು ನೆನೆಯುತ್ತಾರಲ್ಲ, ಅದೇ ಬಗೆಯ ಬಾಳು.

ಊರು ಬಿಟ್ಟವನಿಗೆ ಸಂಜೆಯ ಹೊತ್ತು ದೊಡ್ಡ ಕಷ್ಟ. ಊರಿನಲ್ಲಿ ಜಾಗೊರ್ ಇತ್ತು, ಅಂದರೆ ನಮ್ಮ ಜಾಗರಣೆಯ ಹಾಗೆ ರಾತ್ರಿಯಿಡೀ ನಡೆಯುವ ಆಟ. ಕಾರ್ನಿವಲ್ ದಿನಗಳಲ್ಲಿ ಮನೆಗಳ ಮುಂದೆ ಆಡುವ ಖೆಳ್ ಇತ್ತು. ಜಾಗೊರ್ ಬೊಂಬಾಯಿಗೂ ಬಂತು. ಬಂದದ್ದು ಕೆಟ್ಟಿತು, ಮಾತು ಹೊಲಸಾಯಿತು, ಮನೆಯವರೊಡನೆ ಕುಳಿತು ನೋಡುವಂತಿಲ್ಲ ಎಂಬ ದೂರು ಎದ್ದಿತು.

ಅದೇ ಹೊತ್ತಿಗೆ ಬೊಂಬಾಯಿ ನಾಟಕದ ರಾಜಧಾನಿಯಾಗಿತ್ತು. ಪಾರ್ಸಿ ಕಂಪನಿಗಳು ಝಗಝಗಿಸುವ ಪರದೆಗಳನ್ನು ಕಟ್ಟಿದ್ದವು. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ್ದರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಓದುಗರಿಗೆ ಆ ಹಾಡುಗಳ ರುಚಿ ಹೇಳಬೇಕಾಗಿಲ್ಲ. ಗುಜರಾತಿಗಳಿಗೆ ನಾಟಕ, ಮರಾಠಿಗರಿಗೆ ನಾಟಕ, ಇಂಗ್ಲಿಷರಿಗೆ ನಾಟಕ. ಗೋವಾದವನಿಗೆ ಮಾತ್ರ ತನ್ನ ಮಾತಿನಲ್ಲಿ ಅಂಥದೊಂದು ಇರಲಿಲ್ಲ.

ಆಸಗಾಂವ್‌ನ ಲುಕಾಸಿನ್ಯೊ ರಿಬೇರೊ ಎಂಬವರು ಇಟಲಿಯ ಸಂಗೀತ ನಾಟಕ ನೋಡಿ ಮನಸೋತು, ಅದೇ ಬಗೆಯದನ್ನು ಕೊಂಕಣಿಯಲ್ಲಿ ಮಾಡಿದರು. ಹೆಸರು ‘ಇಟಾಲಿಯನ್ ಭುರ್ಗೊ’, ಅಂದರೆ ಇಟಲಿಯ ಹುಡುಗ. ಬೊಂಬಾಯಿಯ ನ್ಯೂ ಆಲ್ಫ್ರೆಡ್ ಥಿಯೇಟರಿನಲ್ಲಿ ಅದು ರಂಗಕ್ಕೆ ಬಂದದ್ದು 1892ರ ಏಪ್ರಿಲ್ 17ರಂದು. ಆ ವರ್ಷ ಅಂದೇ ಪಾಸ್ಕ ಹಬ್ಬದ ಭಾನುವಾರ. ತಪಸ್ಸು ಕಾಲ ಮುಗಿದು, ಬೆಳಗಿನ ಬಲಿಪೂಜೆಯಾಗಿ, ಹಬ್ಬದೂಟ ಮಾಡಿ, ಕೂಡುಗಳಿಂದ ಜನ ಹೊಸ ಬಟ್ಟೆ ತೊಟ್ಟು ಹೊರಟಿರಬೇಕು. ಇಂದಿಗೂ ಪಾಸ್ಕ ಹಬ್ಬಕ್ಕೆ ಹೊಸ ತಿಯಾತ್ರ್ ತೆಗೆಯುವುದು ವಾಡಿಕೆ. ಏಪ್ರಿಲ್ 17ನ್ನು ಗೋವಾದಲ್ಲಿ ತಿಯಾತ್ರ್ ದಿನವೆಂದು ಆಚರಿಸುತ್ತಾರೆ.

ರಿಬೇರೊ ಅವರ ಜೊತೆಗಾರರಲ್ಲಿ ಇಪ್ಪತ್ತು ವರ್ಷದ ಜುವಾಂವ್ ಆಗೊಸ್ತಿನ್ಯೊ ಇದ್ದರು.

ಇಟಲಿಯ ಹುಡುಗ ಬೇಡ, ಕಾವೆಲಿನ ಹುಡುಗಿ ಬರಲಿ

ಇಲ್ಲಿ ಒಂದು ಮಾತು ಹೇಳಬೇಕು. ಮೊದಲು ಮಾಡಿದವರು ರಿಬೇರೊ. ಹಾಗಿದ್ದೂ ‘ತಂದೆ’ ಎಂಬ ಹೆಸರು ಫೆರ್ನಾಂಡಿಸರಿಗೆ ಹೋಯಿತು. ಇದು ಅನ್ಯಾಯವಲ್ಲವೇ ಎಂದು ನಾವೂ ಯೋಚಿಸಿದೆವು. ರಿಬೇರೊ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ತಂದ ಗಿಡಕ್ಕೂ ನೆಲದಲ್ಲಿ ಬೇರು ಬಿಟ್ಟ ಗಿಡಕ್ಕೂ ವ್ಯತ್ಯಾಸವಿದೆ. ಆರಂಭದ ತಿಯಾತ್ರುಗಳ ಕತೆ ಹೊರಗಿನದು, ಹೆಸರುಗಳು ಹೊರಗಿನವು. ಮಾತುಗಳನ್ನು ನಟರು ಆಯಾ ಹೊತ್ತಿಗೆ ಬಾಯಿಗೆ ಬಂದಂತೆ ಜೋಡಿಸಿಕೊಳ್ಳುತ್ತಿದ್ದರು. ಒಂದು ದಿನ ಚೆನ್ನಾಗಿ ಬಂದದ್ದು ಇನ್ನೊಂದು ದಿನ ಕೆಡುತ್ತಿತ್ತು.

ಫೆರ್ನಾಂಡಿಸರು ಕುಳಿತು ಬರೆದರು. ಯಾರು ಯಾವಾಗ ಬರಬೇಕು, ಏನು ಹೇಳಬೇಕು, ಹಾಡು ಎಲ್ಲಿ, ಎಲ್ಲ ಕಾಗದದ ಮೇಲೆ. ಡಗ್ಲಸ್ ಎಂಬ ಹೆಸರಿನಲ್ಲಿ ತಮ್ಮದೇ ಕೊಂಕಣಿ ಕಂಪನಿ ಕಟ್ಟಿ, ನಟರಿಗೆ ಬಾಯಿಪಾಠ ಮಾಡಿಸಿದರು. 1895ರ ನವೆಂಬರ್ 22ರಂದು ಬೊಂಬಾಯಿಯ ಗೇಯ್ಟಿ ಥಿಯೇಟರಿನಲ್ಲಿ ‘ಬೆಲ್ಲಾ ಕಾವೆಲ್’ ಆಡಿದರು. ಕಾವೆಲಿನ ಚೆಲುವೆ ಎಂದು ಅರ್ಥ. ಕಾವೆಲ್ ಎಂದರೆ ಇಟಲಿಯೂ ಅಲ್ಲ, ಪುರಾಣದ ಪಟ್ಟಣವೂ ಅಲ್ಲ. ಬೊಂಬಾಯಿಯ ಕಲ್ಬಾದೇವಿಯ ಹತ್ತಿರದ, ಕ್ರೈಸ್ತರು ಬಹುಕಾಲದಿಂದ ನೆಲೆಸಿದ್ದ ಓಣಿ. ನೋಡಲು ಬಂದವರು ದಿನವೂ ನಡೆದಾಡುವ ಜಾಗ. ಆಗ ಬರೆದವರ ವಯಸ್ಸು ಇಪ್ಪತ್ನಾಲ್ಕು ಇನ್ನೂ ತುಂಬಿರಲಿಲ್ಲ.

ಬರೆದದ್ದು ಯಾವ ಭಾಷೆಯಲ್ಲಿ ಎಂಬುದೂ ಸಣ್ಣ ವಿಷಯವಲ್ಲ. 1684ರಲ್ಲಿ ಪೋರ್ಚುಗೀಸ್ ವೈಸರಾಯರು, ಜನ ಮೂರು ವರ್ಷದೊಳಗೆ ನಾಡಮಾತು ಬಿಟ್ಟು ಪೋರ್ಚುಗೀಸ್ ಆಡಬೇಕು ಎಂದು ಆಜ್ಞೆ ಹೊರಡಿಸಿದ್ದರು. ಆಜ್ಞೆ ಪೂರ್ತಿ ಫಲಿಸಲಿಲ್ಲ, ಆದರೆ ಅವಮಾನ ಉಳಿಯಿತು. ಉಳ್ಳವರ ಮನೆಯಲ್ಲಿ ಪೋರ್ಚುಗೀಸ್, ಆಳುಗಳೊಡನೆ ಕೊಂಕಣಿ. ಓದುಬರಹ ಬಲ್ಲವರು ಕೊಂಕಣಿಯನ್ನು ಬರೆಯುವ ಭಾಷೆಯೆಂದೇ ಎಣಿಸುತ್ತಿರಲಿಲ್ಲ. ಎದುವಾರ್ದೊ ಬ್ರೂನೊ ಡಿಸೋಜರು ಕೊಂಕಣಿಯ ಮೊದಲ ನಿಯತಕಾಲಿಕ ‘ಉದೆಂತೆಚೆಂ ಸಾಳಕ್’ ಹೊರಡಿಸಿದ್ದು 1889ರಲ್ಲಿ, ಅದೂ ಗೋವಾದಲ್ಲಲ್ಲ, ಪುಣೆಯಲ್ಲಿ. ಮನೆಯಲ್ಲಿ ಬೈಯಲು ಮಾತ್ರ ಬಳಸುವ ಮಾತಿನಲ್ಲಿ ಟಿಕೆಟ್ ಇಟ್ಟು ನಾಟಕವಾಡುವುದೇ? ಹೌದು. ಅಡುಗೆಯವನೂ ಹಡಗಿನವನೂ ಆ ಟಿಕೆಟ್ ಕೊಂಡರು.

ಊರ ಹೊರಗೆ ಮನೆಮಾತು ಉಳಿಸಿಕೊಂಡಿರುವ ನಮಗೆ, ಕಾಸರಗೋಡಿನಲ್ಲಾಗಲಿ ತಾಳವಾಡಿಯಲ್ಲಾಗಲಿ ಅದೋನಿಯಲ್ಲಾಗಲಿ, ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಭಾಟ್ಕಾರ್

1904ರಲ್ಲಿ ಅವರು ಆಡಿದ ‘ಬಾಟ್ಕಾರಾ’ ಅವರ ಬಾಳಿನ ದೊಡ್ಡ ಕೆಲಸ. ಭಾಟ್ ಎಂದರೆ ತೆಂಗಿನ ತೋಟ, ಹಿತ್ತಿಲು. ಭಾಟ್ಕಾರ್ ಎಂದರೆ ಅದರ ಒಡೆಯ. ಆ ತೋಟದಲ್ಲಿ ಗುಡಿಸಲು ಕಟ್ಟಿಕೊಂಡು ಇರುವವನು ಮುಂಡ್ಕಾರ್. ಇವನನ್ನು ನಮ್ಮ ಒಕ್ಕಲಿಗೆ ಹೋಲಿಸಬಹುದಾದರೂ ಪೂರ್ತಿ ಅದೇ ಅಲ್ಲ. ಒಕ್ಕಲು ಗೇಣಿ ಕೊಟ್ಟು ಸಾಗುವಳಿ ಮಾಡುತ್ತಾನೆ. ಮುಂಡ್ಕಾರನಿಗೆ ಇದ್ದದ್ದು ತಲೆಯ ಮೇಲಿನ ಸೂರು ಮಾತ್ರ. ಅದಕ್ಕೆ ಬದಲಾಗಿ ತೋಟ ಕಾಯಬೇಕು, ಒಡೆಯನ ಮನೆಯ ಮದುವೆಗೆ ಹಬ್ಬಕ್ಕೆ ಕರೆದಾಗ ಬಂದು ದುಡಿಯಬೇಕು. ಒಡೆಯನಿಗೆ ಸಿಟ್ಟು ಬಂದರೆ ಸೂರು ಹೋಯಿತು. ಮುತ್ತಜ್ಜ ಕಟ್ಟಿದ ಗೋಡೆಯಾದರೂ ಅಷ್ಟೇ.

ಮನಸ್ಸಿಗೆ ನೋವಾಗುವ ವಿಷಯವೆಂದರೆ, ಒಡೆಯನೂ ಕ್ರೈಸ್ತ, ಮುಂಡ್ಕಾರನೂ ಕ್ರೈಸ್ತ. ಭಾನುವಾರ ಒಂದೇ ಪೀಠದ ಮುಂದೆ ಮೊಣಕಾಲೂರುವವರು. ಇವನು ಮುಂದಿನ ಸಾಲು, ಅವನು ಹಿಂದಿನ ಸಾಲು. ಈ ಸಂಬಂಧವನ್ನೇ ಫೆರ್ನಾಂಡಿಸರು ರಂಗದ ಮೇಲೆ ತಂದರು. ನೋಡುವವರಲ್ಲಿ ಬಹುಪಾಲು ಮುಂಡ್ಕಾರರ ಮಕ್ಕಳೇ, ಆ ಸೂರಿನ ಭಯದಿಂದಲೇ ಬೊಂಬಾಯಿಗೆ ದುಡಿಯಲು ಬಂದವರು. ತಮ್ಮಪ್ಪ ತಲೆ ತಗ್ಗಿಸಿ ನಿಂತದ್ದನ್ನು ಅವರು ಅಂಗಳದಲ್ಲಿ ಕಂಡಿದ್ದರು. ಬೆಳಕು ಬಿದ್ದ ರಂಗದ ಮೇಲೆ ಕಂಡದ್ದು ಹೊಸತು. ಮುಂಡ್ಕಾರರನ್ನು ಒಕ್ಕಲೆಬ್ಬಿಸದಂತೆ ರಕ್ಷಿಸುವ ಕಾನೂನು ಗೋವಾದಲ್ಲಿ ಬಂದದ್ದು 1975ರಲ್ಲಿ, ನಾಟಕವಾಗಿ 71 ವರ್ಷಗಳ ಮೇಲೆ. ನಾಟಕದಿಂದಲೇ ಕಾನೂನು ಬಂತು ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಅತಿಯಾದೀತು. ಕಾನೂನಿನವರು ಬಾಯಿ ತೆರೆಯುವ ಮೊದಲೇ ನಾಟಕದವರು ತೆರೆದಿದ್ದರು ಎಂಬುದಂತೂ ನಿಜ.

ಅವರು ಮುಂದೆಯೂ ಈ ಜಾಡು ಬಿಡಲಿಲ್ಲ. ‘ಕುಣ್ಬಿ ಜಾಕಿ’ ಎಂಬ ನಾಟಕದಲ್ಲಿ ಗೋವಾದ ಮೂಲ ಬೇಸಾಯಗಾರರಾದ, ಎಲ್ಲರ ನಗೆಪಾಟಲಿಗೆ ಗುರಿಯಾಗುತ್ತಿದ್ದ ಕುಣಬಿಯ ಹೆಸರನ್ನೇ ಮುಂದಿಟ್ಟರು. ಒಟ್ಟು ಸುಮಾರು 30 ತಿಯಾತ್ರುಗಳನ್ನು ಬರೆದರು.

ರೆಜಿನಾ

‘ಬಾಟ್ಕಾರಾ’ದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಲ್ಲಿಯವರೆಗೆ ತಿಯಾತ್ರಿನಲ್ಲಿ ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು. ಮೀಸೆ ಬೋಳಿಸಿ, ಗೌನು ತೊಟ್ಟು, ದನಿ ಸಣ್ಣ ಮಾಡಿ. ಜನರಿಗೆ ಅದು ರೂಢಿಯಾಗಿತ್ತು. ಹೆಂಗಸು ರಂಗಕ್ಕೆ ಬಂದರೆ ಕೆಟ್ಟವಳೆಂಬ ಮಾತು ಎಲ್ಲ ಸಮಾಜದಲ್ಲೂ ಇತ್ತು, ನಮ್ಮಲ್ಲೂ ಇತ್ತು. ಬೇರೆಯವರ ಮಗಳನ್ನೋ ತಂಗಿಯನ್ನೋ ಕೇಳಲು ಹೋದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಕಾಲ.

ಫೆರ್ನಾಂಡಿಸರು ತಮ್ಮ ಹೆಂಡತಿ ರೆಜಿನಾ ಅವರನ್ನೇ ರಂಗಕ್ಕೆ ಕರೆತಂದರು. ತಿಯಾತ್ರಿನ ಮೊದಲ ನಟಿ ಅವರು.

ಈ ಸಾಲನ್ನು ಬರೆಯುವುದು ಸುಲಭ. ಆ ಮನೆಯಲ್ಲಿ ಅದನ್ನು ತೀರ್ಮಾನಿಸಿದ ರಾತ್ರಿಯನ್ನು ನೆನೆಯಿರಿ. ಗಂಡನಿಗೆ ನಾಟಕ ಕೆಟ್ಟರೆ ನಷ್ಟ ದುಡ್ಡಿನದು. ಹೆಂಡತಿಗೆ ಮಾತು ಕೆಟ್ಟರೆ ಹೋಗುವುದು ಮಾನ. ಮರುದಿನ ಚರ್ಚಿನ ಬಾಗಿಲಲ್ಲಿ ನಾಲ್ಕು ಜನ ಹೆಂಗಸರ ಮುಂದೆ ಹಾದು ಹೋಗಬೇಕಾದವರು ಅವರು. ಹೊಗಳಿಕೆಯಲ್ಲಿ ದೊಡ್ಡ ಪಾಲು ಯಾವಾಗಲೂ ಗಂಡನಿಗೆ ಸಲ್ಲುತ್ತದೆ. ಅರ್ಧಕ್ಕಿಂತ ಹೆಚ್ಚು ರೆಜಿನಾ ಅವರಿಗೆ ಸಲ್ಲಬೇಕೆಂದು ನಮ್ಮ ಎಣಿಕೆ.

ಇದು ಎಷ್ಟು ಮುಂಚಿನ ಮಾತು ಎಂದು ತಿಳಿಯಲು ಪಕ್ಕದ ಮರಾಠಿ ರಂಗವನ್ನು ನೋಡಿದರಾಯಿತು. ಹೆಣ್ಣಿನ ಪಾತ್ರಗಳಿಗಾಗಿ ಇಡೀ ಮಹಾರಾಷ್ಟ್ರ, ನಮ್ಮ ಹುಬ್ಬಳ್ಳಿ ಬೆಳಗಾವಿಗಳೂ ಸೇರಿದಂತೆ, ತಲೆಬಾಗಿದ ಬಾಲಗಂಧರ್ವರು ಕಿರ್ಲೋಸ್ಕರ ಮಂಡಳಿ ಸೇರಿದ್ದು 1905ರಲ್ಲಿ, ರೆಜಿನಾ ರಂಗಕ್ಕೆ ಬಂದ ಮರುವರ್ಷ. ಅವರು ಸೀರೆಯುಟ್ಟು ಕಾಲು ಶತಮಾನಕ್ಕೂ ಹೆಚ್ಚು ಕಾಲ ಮೆರೆದರು. ಅವರ ಕಲೆ ದೊಡ್ಡದು, ಅನುಮಾನವಿಲ್ಲ. ಆದರೆ ಕೂಲಿಕಾರರ, ಬಟ್ಲರುಗಳ ನಾಟಕವೆಂದು ದೊಡ್ಡವರು ಮೂಗು ಮುರಿಯುತ್ತಿದ್ದ ತಿಯಾತ್ರು ಈ ಒಂದು ವಿಷಯದಲ್ಲಿ ಮುಂದೆ ಹೋಗಿತ್ತು.

ಪರದೆಯ ಮುಂದೆ ಹಾಡು

ಮತ್ತೆ ಆ ಕಾಂತಾರ್‌ಗೆ ಬರೋಣ. ತಿಯಾತ್ರಿನಲ್ಲಿ ಹಳೆಯ ಲೆಕ್ಕದಂತೆ ಆರೋ ಏಳೋ ಪರದೆಗಳು. ಒಂದು ಮುಗಿದು ಇನ್ನೊಂದಕ್ಕೆ ಹಿಂದೆ ಮನೆ ಹೋಗಿ ಬೀದಿ ಬರಬೇಕು, ಬೀದಿ ಹೋಗಿ ತೋಟ ಬರಬೇಕು. ಆ ಹೊತ್ತಿನಲ್ಲಿ ಜನ ಎದ್ದು ಹೋಗದಂತೆ ಹಿಡಿದಿಡಲು ಮುಂದೆ ಹಾಡು. ಒಬ್ಬರೇ ಹಾಡುವುದು, ಇಬ್ಬರು, ಮೂವರು, ನಾಲ್ವರು. ಕತೆಗೂ ಹಾಡಿಗೂ ಸಂಬಂಧ ಇರಬೇಕೆಂದಿಲ್ಲ. ಕತೆಯೊಳಗೇ ಬರುವ ಹಾಡುಗಳು ಬೇರೆ. ಕೆಲಸದ ಅನುಕೂಲಕ್ಕೆ ಬಂದದ್ದು ಕೊನೆಗೆ ಜೀವಾಳವೇ ಆಯಿತು. ಮುಂದಿನ ಕಾಲದಲ್ಲಿ ಹಾಡಿಗಾಗಿಯೇ ತಿಯಾತ್ರಿಗೆ ಹೋಗುವವರು ಹೆಚ್ಚಿದರು. 2003ರಲ್ಲಿ ತೀರಿಕೊಂಡ ಆಲ್ಫ್ರೆಡ್ ರೋಜ್ ಅಂಥವರ ದನಿಯನ್ನು ಗೋವಾದ ಬಸ್ಸಿನಲ್ಲಿ ಕೇಳದವರು ನಮ್ಮಲ್ಲೂ ಕಡಿಮೆ.

ಇಷ್ಟೊಂದು ಹಾಡುವವರು, ನುಡಿಸುವವರು ಬಡವರಲ್ಲಿ ಎಲ್ಲಿಂದ ಬಂದರು? ಧರ್ಮಕೇಂದ್ರದ ಶಾಲೆಯಿಂದ. ಹಳೆಯ ಗೋವಾದಲ್ಲಿ ಚರ್ಚಿಗೆ ಹೊಂದಿಕೊಂಡೇ ಸಂಗೀತ ಶಾಲೆ ಇರುತ್ತಿತ್ತು. ‘ಮೇಸ್ತ್ರಿ’ ಎಂಬ ಗುರುಗಳು ಮಕ್ಕಳಿಗೆ ಸ್ವರ ಓದುವುದನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಬಲಿಪೂಜೆಗೆ ಗಾಯಕರು ಬೇಕೆಂದು ಕಲಿಸಿದ್ದು, ಆದರೆ ಅದೇ ಹುಡುಗರು ಮುಂದೆ ಬೊಂಬಾಯಿಯ ಬ್ಯಾಂಡುಗಳನ್ನೂ ಸಿನಿಮಾ ವಾದ್ಯಗೋಷ್ಠಿಗಳನ್ನೂ ತುಂಬಿದರು. ತಿಯಾತ್ರಿಗೂ ಅವರೇ ಆಧಾರ. ನಮ್ಮ ಧರ್ಮಕೇಂದ್ರಗಳ ಗಾಯನ ಮಂಡಳಿಯ ಅಭ್ಯಾಸಕ್ಕೆ ಮಕ್ಕಳನ್ನು ಕಳಿಸಲು ಟ್ಯೂಷನ್ ನೆಪ ಹೇಳುವ ತಂದೆತಾಯಂದಿರು ಇದನ್ನು ಗಮನಿಸಲಿ ಎಂದು ಪಕ್ಕದಲ್ಲಿ ಬರೆದಿಡುತ್ತೇವೆ.

ಫೆರ್ನಾಂಡಿಸರು 1947ರಲ್ಲಿ ತೀರಿಕೊಂಡರು. ಭಾರತ ಸ್ವತಂತ್ರವಾದ ವರ್ಷ ಅದು. ಅವರ ಹುಟ್ಟೂರು ಪೋರ್ಚುಗೀಸರಿಂದ ಬಿಡುಗಡೆಯಾಗಲು ಇನ್ನೂ 14 ವರ್ಷ ಬೇಕಿತ್ತು. ಅಲ್ಲಿಯವರೆಗೂ ಗೋವಾದಲ್ಲಿ ನಾಟಕದ ಮಾತನ್ನು ಮೊದಲು ಸರ್ಕಾರದ ಸೆನ್ಸಾರಿನವರಿಗೆ ತೋರಿಸಬೇಕಾಗಿತ್ತು. 1967ರ ಜನವರಿಯಲ್ಲಿ ಗೋವಾ ಮಹಾರಾಷ್ಟ್ರದಲ್ಲಿ ಸೇರಬೇಕೇ ಬೇಡವೇ ಎಂದು ಜನಮತ ನಡೆದಾಗ, ಸೇರುವುದು ಬೇಡವೆಂದು ಊರೂರು ತಿರುಗಿ ಹಾಡಿದವರಲ್ಲಿ ತಿಯಾತ್ರಿಸ್ತರು ಇದ್ದರು. 1987ರಲ್ಲಿ ಕೊಂಕಣಿ ರಾಜ್ಯಭಾಷೆಯಾಯಿತು. ಆದರೆ ಕಾನೂನು ದೇವನಾಗರಿ ಲಿಪಿಯನ್ನು ಹಿಡಿಯಿತು. ಫೆರ್ನಾಂಡಿಸರು ಬರೆದ, ತಿಯಾತ್ರಿನವರು ಇಂದಿಗೂ ಬರೆಯುವ ರೋಮನ್ ಲಿಪಿ ಹೊರಗುಳಿಯಿತು. ಆ ಕೊರಗು ಇನ್ನೂ ಇದೆ. ತಿಯಾತ್ರಿಗೆಂದೇ ಒಂದು ಅಕಾಡೆಮಿ ಬಂದದ್ದು 2009ರಲ್ಲಿ. ಅಷ್ಟು ತಡವಾಗಿ.

ಈಗ ತಿಯಾತ್ರು ಕೊಲ್ಲಿ ದೇಶಗಳಿಗೂ ಲಂಡನ್ನಿಗೂ ಹೋಗುತ್ತದೆ, ದುಡಿಯಲು ಹೋದ ಗೋವಾದವರ ಹಿಂದೆಯೇ. ಒಳ್ಳೆಯದೊಂದು ಬಂದರೆ ನೂರು ಪ್ರದರ್ಶನ ದಾಟುವುದುಂಟು. ಎಲ್ಲವೂ ಚೆನ್ನಾಗಿರುತ್ತವೆ ಎಂದೇನೂ ಅಲ್ಲ. ಕೆಲವಲ್ಲಿ ಅಳು ಅತಿಯಾಗುತ್ತದೆ, ಹಾಸ್ಯ ಕೆಳಗಿಳಿಯುತ್ತದೆ, ಮೈಕು ಕಿವಿ ಒಡೆಯುತ್ತದೆ. ನೆರೆಮನೆಯ ಬಾಯಿಗೆ ಹೀಗೆಂದರೆ, ನಿಮ್ಮ ಕಂಪನಿ ನಾಟಕಗಳಲ್ಲಿ ಏನಿತ್ತು ಎಂದು ಕೇಳುತ್ತಾರೆ. ಉತ್ತರ ನಮ್ಮಲ್ಲಿಲ್ಲ.

ಬರುವ ಹಬ್ಬದ ಸಂಜೆಗೂ ತಿಯಾತ್ರ್ ಗೊತ್ತಾಗಿದೆ. ಮುಂದಿನ ಸಾಲಿನಲ್ಲಿ ನಮ್ಮ ಚಾಪೆಗೂ ಜಾಗ ಹಿಡಿಯುವೆನೆಂದು ಬಾಯಿ ಹೇಳಿದ್ದಾರೆ. ಮೂರನೇ ಪರದೆಯ ಹೊತ್ತಿಗೆ ಚಿಕ್ಕವರು ಮಲಗಿಬಿಡುತ್ತಾರೆ. ದೊಡ್ಡ ಮಗಳು ಮಾತ್ರ ಈಗ ಕೊಂಕಣಿಯಲ್ಲೇ ನಗುತ್ತಾಳೆ, ನಮಗಿಂತ ಮೊದಲು.